ಮಹಾರಾಜರ ಬೇಟೆ ಕಾಡಿಗೆ ಹೋಗುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೈಸೂರು ಅರಸರು ಬೇಟೆಯಾಡುತ್ತಿದ್ದ ಕಾಡುಗಳನ್ನು ಈಗ ಹೋಗಿ ನೋಡುವುದು ಹೇಗೆ, ಅಲ್ಲಿ ನೋಡುವುದಕ್ಕೆ ಏನಿದೆ ಅಂತ ತುಂಬ ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಬಂಡೀಪುರ ಮಹಾರಾಜರ ಬೇಟೆ ಜಾಗ ಆಗಿತ್ತು ಅಂತಾರೆ. ನಾವು ಹೋದಾಗ ಜಿಂಕೆ, ನವಿಲು ಬಿಟ್ಟು ಏನೂ ಕಾಣಲಿಲ್ಲ. ಆ ಕಾಲದ ಗುರುತು ಏನಾದರೂ ಉಳಿದಿದೆಯೇ? (ಹಾಸನದ ಓದುಗರು)

ಉತ್ತರ: ಉಳಿದಿದೆ. ಆದರೆ ಅರಮನೆ ತರಹದ ಕಟ್ಟಡ ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತದೆ. ಬಂಡೀಪುರದಲ್ಲಿ ಉಳಿದಿರುವ ದೊಡ್ಡ ಗುರುತು ಅಂದರೆ ಕಾಡಿನ ಎಲ್ಲೆಯೇ. 1931ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮ ಮಾಡಿತು. 1941ರಲ್ಲಿ ಅದನ್ನು 800 ಚದರ ಕಿಲೋಮೀಟರಿಗೂ ಹೆಚ್ಚು ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಕರೆದರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು.

ಹಾಗಾಗಿ ನನ್ನ ಸಲಹೆ, ಸಫಾರಿಗಿಂತ ಮೊದಲು ಆ ಬೆಟ್ಟಕ್ಕೆ ಹೋಗಿ. ಸ್ವಂತ ಗಾಡಿಯನ್ನು ತಪ್ಪಲಿನಲ್ಲೇ ನಿಲ್ಲಿಸಬೇಕು, ಅಲ್ಲಿಂದ ಮೇಲಕ್ಕೆ ಕೆಎಸ್ಆರ್‌ಟಿಸಿ ಬಸ್ ಇದೆ. ಬೆಟ್ಟದ ಎತ್ತರ ಸುಮಾರು 1,450 ಮೀಟರ್. ಮಂಜು ಸರಿಯುವ ತನಕ ಕಾದು, ದೇವರ ದರ್ಶನ ಮುಗಿಸಿ, ಪೌಳಿಯ ಹೊರಗೆ ನಿಂತು ಎರಡೂ ಕಡೆ ನೋಡಿ. ಒಂದು ಕಡೆ ಗುಂಡ್ಲುಪೇಟೆ ಸೀಮೆಯ ಹೊಲಗಳು ಕಾಡಿನ ಅಂಚಿಗೆ ಬಂದು ಮುಟ್ಟಿವೆ. ಇನ್ನೊಂದು ಕಡೆ ಗುಡ್ಡದ ಹಿಂದೆ ಗುಡ್ಡ, ಮುದುಮಲೆ, ವಯನಾಡಿನ ತನಕ ಬರೀ ಕಾಡು. ನಡುವಿನ ಗೆರೆ ಎಷ್ಟು ಸ್ಪಷ್ಟವಾಗಿದೆ ಅಂದರೆ, ಯಾರೋ ಕೂತು ಎಳೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅರಸರು ಇದನ್ನು ತಮ್ಮ ಕಾಡು ಅಂತ ಕಾಯದೇ ಇದ್ದಿದ್ದರೆ ಹೊಲ ಅಲ್ಲಿಗೇ ನಿಲ್ಲುತ್ತಿತ್ತು ಅನ್ನಿಸುವುದಿಲ್ಲ.

ಆಮೇಲೆ ಸಫಾರಿಗೆ ಹೋದಾಗ ಗಾಡಿ ಎಲ್ಲಿ ನಿಲ್ಲುತ್ತದೆ ಗಮನಿಸಿ. ಕೆರೆ ದಡದಲ್ಲಿ ನಿಲ್ಲುತ್ತದೆ, ದಾರಿ ಕವಲೊಡೆಯುವ ಕಡೆ ನಿಲ್ಲುತ್ತದೆ, ಹಳ್ಳ ದಾಟುವ ಕಡೆ ನಿಲ್ಲುತ್ತದೆ. ಡ್ರೈವರ್ ಎಂಜಿನ್ ಆಫ್ ಮಾಡಿ ಸುಮ್ಮನೆ ಕಿವಿಗೊಡುತ್ತಾರೆ. ದೂರದಲ್ಲಿ ಮುಸುವ ಕೆಮ್ಮಿದಂತೆ ಕೂಗಿದರೆ, ಜಿಂಕೆ ಚುರುಕಾಗಿ ಒಂದೇ ಸಮನೆ ಕೂಗಿದರೆ, ಕಡವೆ ಭಾರವಾಗಿ ಕೂಗಿದರೆ, ಹುಲಿಯೋ ಚಿರತೆಯೋ ಯಾವ ಕಡೆ ನಡೆದಿದೆ ಅಂತ ಅವರು ಲೆಕ್ಕ ಹಾಕುತ್ತಾರೆ. ಮರಳ ಮೇಲಿನ ಹೆಜ್ಜೆಯ ಅಂಚು ಕುಸಿದಿದೆಯಾ, ಅದರ ಮೇಲೆ ಇಬ್ಬನಿ ಬಿದ್ದಿದೆಯಾ ಅಂತ ನೋಡಿ ಅದು ರಾತ್ರಿಯದೋ ಈಗಿನದೋ ಹೇಳುತ್ತಾರೆ. ಇದೆಲ್ಲ ಷಿಕಾರಿ ವಿದ್ಯೆ. ಬೆಳಗಿನ ಜಾವ ಮತ್ತು ಇಳಿಹೊತ್ತು ಅನ್ನುವ ಸಮಯವೂ ಬೇಟೆಯ ಸಮಯವೇ. ಕೋವಿ ಹೋಗಿ ಕ್ಯಾಮೆರಾ ಬಂತು, ಉಳಿದದ್ದು ಹಾಗೇ ಇದೆ. ಆ ಕಾಲದ ಗುರುತು ನೋಡಬೇಕು ಅಂದರೆ ಇದಕ್ಕಿಂತ ಜೀವಂತವಾದದ್ದು ಯಾವ ಬಂಗಲೆಯಲ್ಲೂ ಇಲ್ಲ ಅಂತ ನನ್ನ ಅನಿಸಿಕೆ.

ಒಂದು ಬದಲಾವಣೆಯನ್ನೂ ಗಮನಿಸಿ. ದಾರಿ ಪಕ್ಕ ಆಳೆತ್ತರ ಬೆಳೆದ, ಸಣ್ಣ ಗೊಂಚಲು ಹೂವಿನ, ಮುಳ್ಳಿನ ಪೊದೆ ಕಣ್ಣಿಗೆ ಬೀಳುತ್ತದಲ್ಲ, ಅದು ಲಂಟಾನ. ಅಮೆರಿಕದ ಗಿಡ, ತೋಟದ ಅಂದಕ್ಕೆ ಅಂತ ತಂದದ್ದು ಕಾಡನ್ನೆಲ್ಲ ಹೊಕ್ಕಿದೆ. ಅದು ಬೆಳೆದ ಕಡೆ ಹುಲ್ಲು ಬರುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿ, ಆನೆ ಎಲ್ಲಕ್ಕೂ ಮೇವು ಕಡಿಮೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಒಣಗಿದ ಲಂಟಾನ ಧಗ್ಗನೆ ಹತ್ತಿಕೊಳ್ಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ನೆನಪಿದೆ ಅಲ್ವಾ? ಸಾವಿರಾರು ಎಕರೆ ಸುಟ್ಟುಹೋಯಿತು.

ಪ್ರಶ್ನೆ: ನಮ್ಮ ತಾತ ಕಾಕನಕೋಟೆಯ ಖೆಡ್ಡಾ ನೋಡಿದ್ದರಂತೆ. ಆನೆಗಳನ್ನು ಹೊಳೆ ದಾಟಿಸುತ್ತಿದ್ದರು ಅಂತ ಹೇಳುತ್ತಿದ್ದರು. ಆ ಜಾಗ ಈಗ ನೋಡಬಹುದೇ? (ಮೈಸೂರಿನ ಓದುಗರು)

ಉತ್ತರ: ಖೆಡ್ಡಾ ಅಂದರೆ ಕಾಡಾನೆ ಹಿಂಡನ್ನು ದೊಡ್ಡಿಗೆ ಅಟ್ಟಿ ಹಿಡಿಯುವುದು. ಅದು ನಡೆಯುತ್ತಿದ್ದ ನೆಲ ಬಹುತೇಕ ನೀರಿನಡಿ ಇದೆ. 1974ರಲ್ಲಿ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಕಾಕನಕೋಟೆ ಕಾಡಿನ ತಗ್ಗನ್ನೆಲ್ಲ ತುಂಬಿತು. ಆದರೆ ನಿಮ್ಮ ತಾತ ಹೇಳಿದ್ದು ನೂರಕ್ಕೆ ನೂರು ನಿಜ, ಆ ಖೆಡ್ಡಾ ಹೆಸರಾದದ್ದೇ ಹೊಳೆ ದಾಟಿಸುವುದಕ್ಕೆ.

ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೈಸೂರು ಸೀಮೆಯಲ್ಲಿ ಖೆಡ್ಡಾ ಮೊದಲು ಯಶಸ್ವಿಯಾದದ್ದು 1874ರಲ್ಲಿ, ಚಾಮರಾಜನಗರದ ಕಡೆ, ಸ್ಯಾಂಡರ್ಸನ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ. ಅವನಿಗಿಂತ ಮುಂಚೆ ಹೈದರಾಲಿ ಪ್ರಯತ್ನಿಸಿ ಕೈಬಿಟ್ಟಿದ್ದ ಅಂತ ಸ್ಯಾಂಡರ್ಸನ್ನೇ ಬರೆದಿಟ್ಟಿದ್ದಾನೆ. ಆಮೇಲೆ ಕಾಕನಕೋಟೆ ಇದರ ಮುಖ್ಯ ಜಾಗವಾಯಿತು. ವೈಸ್‌ರಾಯ್ ಬಂದರೆ, ಇಂಗ್ಲೆಂಡಿನ ರಾಜಮನೆತನದವರು ಬಂದರೆ, ಅರಮನೆಯವರು ಖೆಡ್ಡಾ ಏರ್ಪಡಿಸಿ ತೋರಿಸುತ್ತಿದ್ದರು.

ನಡೆಯುತ್ತಿದ್ದದ್ದು ಹೀಗೆ. ವಾರಗಟ್ಟಲೆ ಮುಂಚೆಯೇ ಜೇನು ಕುರುಬರು, ಬೆಟ್ಟ ಕುರುಬರು ಆನೆ ಹಿಂಡು ಎಲ್ಲಿ ಮೇಯುತ್ತಿದೆ ಅಂತ ಪತ್ತೆ ಹಚ್ಚುತ್ತಿದ್ದರು. ನೂರಾರು ಜನ ಅರ್ಧಚಂದ್ರದಂತೆ ಸುತ್ತುವರಿದು, ರಾತ್ರಿ ಬೆಂಕಿ ಹಾಕಿಕೊಂಡು ಕಾಯ್ದು, ಹಗಲು ತಮಟೆ ಬಡಿದು ಕೂಗು ಹಾಕಿ ಹಿಂಡನ್ನು ನಿಧಾನಕ್ಕೆ ಹೊಳೆ ಕಡೆಗೆ ತಳ್ಳುತ್ತಿದ್ದರು. ಅವಸರ ಮಾಡಿದರೆ ಹಿಂಡು ತಿರುಗಿ ಬೀಳುತ್ತದೆ. ತಿರುಗಿ ಬಿದ್ದರೆ ಕಾಲಾಳುಗಳು ಉಳಿಯುವುದಿಲ್ಲ. ಹಿಂಡು ಹೊಳೆಗೆ ಇಳಿದು ಈಜಿ, ತಾಯಿ ಆನೆಗಳು ಮರಿಗಳನ್ನು ಸೊಂಡಿಲಿನಿಂದ ಒತ್ತಿ ದಾಟಿಸಿಕೊಂಡು ಆಚೆ ದಡ ಹತ್ತುವ ಹೊತ್ತಿಗೆ ಮುಂದೆ ಇದ್ದದ್ದು ದಪ್ಪ ಮರದ ದಿಮ್ಮಿಗಳ ದೊಡ್ಡಿ. ಬಾಗಿಲು ಬಿತ್ತು ಅಂದರೆ ಮುಗಿಯಿತು. ಅತಿಥಿಗಳು ದಡದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ, ಒಂದೊಂದೇ ಕಾಡಾನೆಯನ್ನು ಎರಡು ಕುಮ್ಕಿಗಳ ನಡುವೆ ಒತ್ತಿ ಹಿಡಿದು, ಕೆಳಗಿಳಿದ ಆಳು ಅದರ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದ. ಆ ಆಳಿನ ಜೀವ ಅಂಗೈಯಲ್ಲೇ. ಎಳೆದಾಡಿ ಹಗ್ಗ ಕೊರೆದ ಗಾಯ ಕೀವಾಗಿ, ಹಿಂಡು ಅಗಲಿದ ಕೊರಗಿನಲ್ಲಿ ಮೇವು ಬಿಟ್ಟು, ಪಳಗುವ ಮೊದಲೇ ಸತ್ತ ಆನೆಗಳೂ ಇದ್ದವು. ಖೆಡ್ಡಾದ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ಅವಕಾಶವೇ ಇಲ್ಲವಾಯಿತು.

ನೀವು ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಮಾರ್ಚಿನಿಂದ ಮೇ ತನಕ ಹಿನ್ನೀರು ಇಳಿದು ನೆಲ ಬಯಲಾಗುತ್ತದೆ, ಅದರ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಬರುತ್ತವೆ. ಕಾಡಾನೆಗಳು ಒಂದೇ ಕಡೆ ಇಷ್ಟು ಸಂಖ್ಯೆಯಲ್ಲಿ ಸೇರುವ ಜಾಗ ಏಷ್ಯಾದಲ್ಲೇ ಅಪರೂಪ. ಅಂತರಸಂತೆ ದಾಟಿದ ಮೇಲೆ ಸಿಗುವ ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ ಹೊರಡುತ್ತದೆ. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ, ವೈಸ್‌ರಾಯ್ ಬಂಗಲೆ ಇನ್ನೂ ಇವೆ. ಅವು ಈಗ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣದ ಭಾಗ, ಹಾಗಾಗಿ ಅಲ್ಲಿ ತಂಗಿದರೆ ಕಟ್ಟಡಗಳನ್ನು ನಿಧಾನಕ್ಕೆ ನೋಡಬಹುದು. ತಾತ ಹೇಳಿದ್ದನ್ನು ಮನೆಯಲ್ಲಿ ಯಾರಾದರೂ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ನೆನಪಿರುವಷ್ಟನ್ನು ದಯವಿಟ್ಟು ಬರೆದಿಡಿ. ಖೆಡ್ಡಾ ಕಣ್ಣಾರೆ ಕಂಡವರು ಈಗ ತುಂಬ ಕಡಿಮೆ.

ಪ್ರಶ್ನೆ: ಬೇಟೆಯಾಡಿದ ರಾಜರೇ ಕಾಡು ಉಳಿಸಿದರು ಅಂತ ಎಲ್ಲ ಕಡೆ ಹೇಳುತ್ತಾರೆ. ಕೊಂದವರೇ ಕಾಯ್ದರು ಅಂದರೆ ಹೇಗೆ ನಂಬುವುದು? (ದಾವಣಗೆರೆಯ ಓದುಗರು)

ಉತ್ತರ: ಅರ್ಧ ನಿಜ. ಬೇಟೆಗೆ ಪ್ರಾಣಿ ಬೇಕು, ಪ್ರಾಣಿಗೆ ಕಾಡು ಬೇಕು, ಅದಕ್ಕಾಗಿ ಅರಸರು ಕಾಡು ಕಡಿಯುವುದಕ್ಕೆ, ಉಳುವುದಕ್ಕೆ ಬಿಡಲಿಲ್ಲ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಈಗಲೂ ಕಾಡಾಗಿ ಇರುವುದರಲ್ಲಿ ಇದರ ಪಾಲು ದೊಡ್ಡದು. ಜಯಚಾಮರಾಜ ಒಡೆಯರ್ 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು, ಅದರ ಮೊದಲ ಸಭೆ ಮೈಸೂರಿನಲ್ಲೇ ನಡೆಯಿತು. ಇದನ್ನೂ ಮರೆಯಬಾರದು.

ಉಳಿದ ಅರ್ಧ ಹಾಡಿಗಳಲ್ಲಿದೆ, ಅಂದರೆ ಕಾಡಿನ ಬುಡಕಟ್ಟು ಜನರ ಊರುಗಳಲ್ಲಿ. ದೊರೆ ಅಟ್ಟಣೆ ಮೇಲೆ ಕೂತು ಗುಂಡು ಹೊಡೆಯುವ ಮುನ್ನ, ಹುಲಿ ಎಲ್ಲಿ ಮಲಗಿದೆ ಅಂತ ಹೇಳಿದವರು ಯಾರು? ಪೊದೆಯೊಳಗೆ ಬರಿಗಾಲಲ್ಲಿ ನಡೆದು ಅದನ್ನು ಎಬ್ಬಿಸಿದವರು ಯಾರು? ಗಾಯಗೊಂಡ ಹುಲಿಯ ರಕ್ತದ ಜಾಡು ಹಿಡಿದು ಹೋದವರು ಯಾರು? ಜೇನು ಕುರುಬರು, ಬೆಟ್ಟ ಕುರುಬರು, ಸೋಲಿಗರು. ಫೋಟೋದಲ್ಲಿ ಸತ್ತ ಹುಲಿಯ ಪಕ್ಕ ಕೋವಿ ಹಿಡಿದು ನಿಂತವರ ಹೆಸರು ಇರುತ್ತದೆ, ಹಿಂದೆ ಸಾಲಾಗಿ ನಿಂತವರ ಹೆಸರು ಇರುವುದಿಲ್ಲ. ಕಾಡು ದೊರೆಯದು ಅಂತಾದಾಗ ಅದರೊಳಗೆ ಗೆಡ್ಡೆ ಅಗೆಯುವ, ಜೇನು ಕೀಳುವ, ಸಣ್ಣ ಬೇಟೆಯಾಡುವ ಈ ಜನಕ್ಕೆ ಕಟ್ಟುಪಾಡು ಬಂತು. ಆಮೇಲೆ ಅಣೆಕಟ್ಟು ಬಂತು, ರಾಷ್ಟ್ರೀಯ ಉದ್ಯಾನ ಬಂತು, ಎಷ್ಟೋ ಹಾಡಿಗಳನ್ನೇ ಎಬ್ಬಿಸಿದರು. ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ, ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಾಯುತ್ತಿರುವವರು ಇದ್ದಾರೆ.

ಇವತ್ತು ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಳೆ, ಆನೆ, ಬೆಂಕಿ ಲೆಕ್ಕಿಸದೆ ಕಾಡು ಕಾಯುವ ವಾಚರ್‌ಗಳಲ್ಲಿ, ಆನೆ ಶಿಬಿರಗಳ ಮಾವುತರಲ್ಲಿ, ಅವರ ಸಹಾಯಕರಾದ ಕಾವಾಡಿಗಳಲ್ಲಿ ಅದೇ ಸಮುದಾಯಗಳವರು ತುಂಬ ಜನ ಇದ್ದಾರೆ. ದಸರಾ ಆನೆಗಳನ್ನು ಮೈಸೂರಿಗೆ ಕರೆತರುವವರೂ ಅವರೇ. ಕಾಡು ಉಳಿಸಿದವರು ಯಾರು ಅಂತ ಕೇಳಿದರೆ ನಾನು ಅರಸರ ಹೆಸರನ್ನೂ ಹೇಳುತ್ತೇನೆ, ಆದರೆ ಇವರ ಹೆಸರು ಮೊದಲು ಹೇಳುತ್ತೇನೆ.

ಪ್ರಶ್ನೆ: ಮುತ್ತಜ್ಜನ ಕಾಲದ ಕಡವೆ ಕೊಂಬು, ಚಿರತೆ ಚರ್ಮ ನಮ್ಮ ಮನೆಯಲ್ಲಿವೆ. ಇಟ್ಟುಕೊಳ್ಳಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಮಾಲೀಕತ್ವದ ಪ್ರಮಾಣಪತ್ರ ಇದೆಯಾ ನೋಡಿ. ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಆ ಪತ್ರ ಇಲ್ಲದೆ ಇಂಥವನ್ನು ಇಟ್ಟುಕೊಳ್ಳುವುದು 1972ರ ಕಾಯಿದೆ ಪ್ರಕಾರ ಅಪರಾಧ. ಅಜ್ಜನ ಕಾಲದ್ದು, ನಾವು ಹೊಡೆದದ್ದಲ್ಲ ಅನ್ನುವ ಮಾತು ನಡೆಯುವುದಿಲ್ಲ. ಪತ್ರ ಇದ್ದರೂ ಮಾರುವಂತಿಲ್ಲ. ಇಲ್ಲದಿದ್ದರೆ ವಕೀಲರೊಬ್ಬರನ್ನು ಕೇಳಿಕೊಂಡು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಗುಟ್ಟಾಗಿ ಬೇರೆಯವರಿಗೆ ಕೊಡುವುದು, ಸುಡುವುದು ಮಾಡಬೇಡಿ, ಇನ್ನಷ್ಟು ತೊಂದರೆ.

ಚರ್ಮಕ್ಕೆ ತಲೆ ಸೇರಿಸಿ ಹದ ಮಾಡಿದ್ದರೆ ಅದರ ಮೇಲೆ ವ್ಯಾನ್ ಇಂಗೆನ್ ಅನ್ನುವ ಗುರುತು ಇದೆಯಾ ಅಂತಲೂ ನೋಡಿ. ಮೈಸೂರಿನ ಈ ಸಂಸ್ಥೆ ಸುಮಾರು 1900ರಿಂದ 1999ರ ತನಕ ರಾಜರಿಗೆ, ದೊರೆಗಳಿಗೆ ಬೇಟೆ ಪ್ರಾಣಿಗಳನ್ನು ಜೀವಂತ ಇರುವಂತೆ ಮಾಡಿಕೊಡುತ್ತಿತ್ತು. ಇತಿಹಾಸದ ದೃಷ್ಟಿಯಿಂದ ಅದನ್ನು ಅಧಿಕಾರಿಗಳಿಗೆ ಹೇಳುವುದು ಒಳ್ಳೆಯದು. ಇನ್ನು, ಕಾಡಿನಲ್ಲಿ ತಾನಾಗಿ ಉದುರಿಬಿದ್ದ ಕೊಂಬನ್ನೂ ಎತ್ತಿಕೊಂಡು ಬರುವಂತಿಲ್ಲ. ಅದೂ ಸರ್ಕಾರದ ಸ್ವತ್ತು.

ಪ್ರಶ್ನೆ: ಯಾವ ತಿಂಗಳು ಹೋದರೆ ಹುಲಿ ಕಾಣುತ್ತದೆ? (ಬೆಂಗಳೂರಿನ ಓದುಗರು)

ಉತ್ತರ: ಫೆಬ್ರವರಿಯಿಂದ ಮೇ ತನಕ ನೀರು ಕಡಿಮೆ, ಎಲೆ ಕಡಿಮೆ, ಹಾಗಾಗಿ ಪ್ರಾಣಿಗಳು ಕೆರೆ ಹತ್ತಿರ ಕಾಣುವ ಸಾಧ್ಯತೆ ಜಾಸ್ತಿ. ಖಾತ್ರಿ ಯಾರೂ ಕೊಡಲಾರರು. ಹುಲಿ ತೋರಿಸಿಯೇ ತೋರಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಮಳೆ ಮುಗಿದ ಮೇಲಿನ ಹಸಿರು ಕಾಡು ನನಗೆ ಹೆಚ್ಚು ಇಷ್ಟ.

ಪ್ರಶ್ನೆ: ಬಂಡೀಪುರ, ಕಬಿನಿ ಎರಡೂ ಕಡೆ ಗದ್ದಲ. ಜನ ಕಡಿಮೆ ಇರುವ ಬೇಟೆ ಜಾಗ ಯಾವುದಾದರೂ ಇದೆಯೇ? (ತುಮಕೂರಿನ ಓದುಗರು)

ಉತ್ತರ: ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಗೆ ಹೋಗಿ. ಕೆ.ಗುಡಿ ಅಂತಲೇ ಎಲ್ಲರೂ ಕರೆಯುವುದು. ಮಹಾರಾಜರ ಬೇಟೆ ಬಂಗಲೆ ಅಲ್ಲೂ ಇದೆ. ಕಾಡು ಬಂಡೀಪುರದ ಹಾಗೆ ಒಂದೇ ತರಹ ಇಲ್ಲ. ಕೆಳಗೆ ಕುರುಚಲು, ಮೇಲೇರುತ್ತ ಎಲೆ ಉದುರಿಸುವ ಮರಗಳು, ಇನ್ನೂ ಮೇಲೆ ಶೋಲಾ (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಹಸಿರು ಕಾಡು) ಮತ್ತು ಹುಲ್ಲುಗಾವಲು. ಅಷ್ಟು ಚಿಕ್ಕ ದೂರದಲ್ಲಿ ಇಷ್ಟೆಲ್ಲ ಸಿಗುವುದು ಕಡಿಮೆ.

ಅದಕ್ಕಿಂತ ಮುಖ್ಯ, ಇದು ಸೋಲಿಗರ ನಾಡು. 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಹಿರಿಯ ಸೋಲಿಗರು ಮಾತಿಗೆ ಸಿಕ್ಕರೆ ತರಗು ಬೆಂಕಿ ಬಗ್ಗೆ ಕೇಳಿ. ವರ್ಷದ ಮೊದಲ ತಿಂಗಳುಗಳಲ್ಲೇ, ಎಲೆ ತೆಳ್ಳಗೆ ಉದುರಿರುವಾಗ, ನೆಲದ ತರಗಿಗೆ ಮಾತ್ರ ಸಣ್ಣ ಬೆಂಕಿ ಹಾಕುವುದು ಅವರ ಪದ್ಧತಿ. ಬೆಂಕಿ ಮರಕ್ಕೆ ಏರುವುದಿಲ್ಲ, ಹೊಸ ಹುಲ್ಲು ಬರುತ್ತದೆ, ಲಂಟಾನ ಹಬ್ಬುವುದಿಲ್ಲ. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಮಿತಿಮೀರಿದ್ದು ಅಂತ ಅವರು ಹೇಳುತ್ತಾರೆ, ಮತ್ತು ಆ ಮಾತನ್ನು ಇಲಾಖೆಯವರು ಇನ್ನೂ ಗಂಭೀರವಾಗಿ ಕೇಳಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ: ಕರ್ನಾಟಕದ ಹೊರಗೆ ಇಂಥ ಜಾಗ ಯಾವುದು ನೋಡಬೇಕು? (ವಿಜಯಪುರದ ಓದುಗರು)

ಉತ್ತರ: ಒಂದೇ ಹೇಳಿ ಅಂದರೆ ರಾಜಸ್ಥಾನದ ಭರತಪುರ. ಕೇವಲಾದೇವ್ ಕೆರೆಗಳು ಅಲ್ಲಿನ ಮಹಾರಾಜರ ಬಾತುಕೋಳಿ ಬೇಟೆ ಜಾಗ. ದೇವಸ್ಥಾನದ ಹತ್ತಿರ ಕಲ್ಲಿನ ಫಲಕಗಳ ಮೇಲೆ ಯಾವ ದಿನ ಯಾರ ಗೌರವಕ್ಕೆ ಎಷ್ಟು ಹಕ್ಕಿ ಹೊಡೆದರು ಅಂತ ಸಾಲು ಸಾಲಾಗಿ ಕೆತ್ತಿದ್ದಾರೆ. 1938ರ ನವೆಂಬರ್ 12ರ ಸಾಲನ್ನು ಹುಡುಕಿ. ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಿದ್ದ ಆ ಒಂದೇ ದಿನ 4,273 ಹಕ್ಕಿಗಳು. ಆ ಫಲಕದ ಮುಂದೆ ನಿಂತು ಓದುವಾಗ ಸುತ್ತ ಅದೇ ಜಾತಿಯ ಬಾತುಗಳು ತೇಲುತ್ತಿರುತ್ತವೆ. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಅಷ್ಟು ದೂರ ಹೋಗುವ ಮುನ್ನ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ ನೋಡಿ. ಸುಮಾರು ಕ್ರಿ.ಶ. 950ರದ್ದು. ಗಂಗರ ಬೂತುಗನ ಕಡೆಯ ವೀರ ಮಣಲೆರ ತನ್ನ ಶೌರ್ಯಕ್ಕೆ ಉಡುಗೊರೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವುದನ್ನು ಕೆತ್ತಿದ್ದಾರೆ.

ಪ್ರಶ್ನೆ: ಮಕ್ಕಳ ಜೊತೆ ಕಾರಿನಲ್ಲಿ ಹೋಗುತ್ತಿದ್ದೇವೆ. ಏನೇನು ನಿಯಮ? (ಮಂಡ್ಯದ ಓದುಗರು)

ಉತ್ತರ: ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಖಾಸಗಿ ವಾಹನಗಳಿಗೆ ಪ್ರವೇಶ ಇಲ್ಲ, ಊಟಿಯಿಂದಲೋ ವಯನಾಡಿನಿಂದಲೋ ವಾಪಸ್ ಬರುವಾಗ ಇದನ್ನು ಲೆಕ್ಕದಲ್ಲಿಡಿ. ಹೆದ್ದಾರಿಯಲ್ಲಿ ಆನೆ ಕಂಡರೆ ಕಾರಿನಿಂದ ಇಳಿಯಬೇಡಿ, ಹಾರ್ನ್ ಹೊಡೆಯಬೇಡಿ, ಸೆಲ್ಫಿಗೆ ಅಂತ ನಿಲ್ಲಿಸಲೇಬೇಡಿ. ಕೋತಿಗಳಿಗೆ, ಜಿಂಕೆಗಳಿಗೆ ತಿಂಡಿ ಹಾಕಬೇಡಿ. ಸಫಾರಿ ಗಾಡಿಗಳಲ್ಲಿ ಬೆಳಗ್ಗೆ ಚಳಿ ಜಾಸ್ತಿ, ಮಕ್ಕಳಿಗೆ ಸ್ವೆಟರ್ ಇರಲಿ, ಬಟ್ಟೆ ಕಣ್ಣು ಕುಕ್ಕುವ ಬಣ್ಣದ್ದು ಬೇಡ. ತೀರಾ ಚಿಕ್ಕ ಮಕ್ಕಳು ಅಷ್ಟು ಹೊತ್ತು ಸದ್ದು ಮಾಡದೆ ಕೂರುವುದು ಕಷ್ಟ, ಅಂಥವರನ್ನು ಬಸ್ಸಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ದಾರಿಯಲ್ಲೇ ಆನೆ ಕಂಡರೂ ಕಾಣಬಹುದು.